ಹಿನ್ನೀರಿನ ದಡದ ಮನೆ, ಸಾಸಿವೆ ಕಾಳಿನಷ್ಟು ಸೂರ್ಯ

ಪ್ರಶ್ನೆ: ನಮ್ಮ ತವರುಮನೆ ಇರುವುದು ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ. ಜಗಲಿಯಲ್ಲಿ ಕೂತರೆ ಎದುರಿಗೆ ನೀರು, ಆಚೆಗೆ ತುಮರಿ ಕಡೆಯ ಗುಡ್ಡಗಳು, ಅವುಗಳ ಹಿಂದೆ ಹೊತ್ತು ಮುಳುಗುತ್ತದೆ. ನಾನು ಬೆಂಗಳೂರಿನಲ್ಲಿದ್ದೇನೆ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಊರಿಗೆ ಹೋಗುತ್ತೇನೆ. ಅಜ್ಜನಿಗೆ ಈಗ 86. ಮುಳುಗಡೆಗೆ ಮುಂಚಿನ ನಮ್ಮ ಹಳೇ ಮನೆ ಇದೇ ನೀರಿನಡಿ ಇದೆ, ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದರೆ ಅದರ ಪಂಚಾಂಗದ ಕಲ್ಲುಗಳು ಕಾಣುತ್ತವೆ. ಒಂದು ವರ್ಷದ ಸೂರ್ಯಾಸ್ತ, ಮಳೆಗಾಲ, ಬೇಸಿಗೆ ಎಲ್ಲ ಫೋಟೋ ತೆಗೆದು ಅಜ್ಜನ ಕೋಣೆಯ ಗೋಡೆಗೆ ಹಾಕಬೇಕೆಂದಿದ್ದೇನೆ. ಆದರೆ ಮೊಬೈಲಿನಲ್ಲಿ ಸೂರ್ಯ ಸಾಸಿವೆ ಕಾಳಿನಷ್ಟು ಬರುತ್ತಾನೆ, ಬಣ್ಣವೂ ಪೇಲವ. ಆಕಾಶ ಚೆಂದ ಬಂದರೆ ಮನೆ ಮಸಿ, ಮನೆ ಕಂಡರೆ ಆಕಾಶ ಬಿಳಿ. ಡಿಸೆಂಬರಿನಲ್ಲಿ ಎಡಗಡೆ ಗುಡ್ಡದ ಹಿಂದೆ ಮುಳುಗಿದವನು ಏಪ್ರಿಲಿನಲ್ಲಿ ಬಲಕ್ಕೆ ಹೋಗಿದ್ದ. ನಾನು ನಿಂತ ಜಾಗ ತಪ್ಪಿತೋ ಏನೋ. ತಮ್ಮನ ಹಳೇ ಡಿಎಸ್‌ಎಲ್‌ಆರ್ ಇದೆ, 18-55 ಲೆನ್ಸ್ ಸಮೇತ. ಹೋದ ಮಳೆಗಾಲದಲ್ಲಿ ಅಕ್ಕಿ ಡಬ್ಬದಲ್ಲಿಟ್ಟಿದ್ದೆವು, ಈಗ ಲೆನ್ಸಿನೊಳಗೆ ಜೇಡರ ಬಲೆಯಂಥದ್ದೇನೋ ಕಾಣುತ್ತಿದೆ. ದೊಡ್ಡ ಜೂಮ್ ಲೆನ್ಸ್, ಫಿಲ್ಟರ್ ತಗೊಳ್ಳಿ ಅಂತ ಒಬ್ಬರು. ಧೂಳು, ಹೊಗೆ ಇದ್ದರೇ ಕೆಂಪು ಬರೋದು, ನಿಮ್ಮೂರಿನ ಗಾಳಿ ಶುದ್ಧ, ಅದಕ್ಕೇ ಬರಲ್ಲ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆಸೆಗಳು ಕೂಡಿಕೊಂಡಿವೆ. ಒಂದು, ನೋಡಿದವರು ಆಹಾ ಅನ್ನುವಂಥ ಒಂದು ಸೂರ್ಯಾಸ್ತದ ಚಿತ್ರ. ಇನ್ನೊಂದು, ಒಂದೇ ಜಗಲಿಯಿಂದ ಕಂಡ ಇಡೀ ವರ್ಷ. ಜೂಮ್ ಲೆನ್ಸ್ ಕೊಳ್ಳಿ ಎಂದವರು ಮೊದಲನೆಯದಕ್ಕೆ ಉತ್ತರ ಹೇಳಿದ್ದಾರೆ. ಅಜ್ಜನ ಗೋಡೆಗೆ ಬೇಕಿರುವುದು ಎರಡನೆಯದು. ಅದಕ್ಕೆ ಬೇಕಾದ ಸಾಮಾನೆಲ್ಲ ಈಗಾಗಲೇ ನಿಮ್ಮ ಕೈಯಲ್ಲಿದೆ, ಒಂದು ಮೊಳೆಯ ಹೊರತು. ಮೊಳೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಜಾಗದ ಗೊಂದಲ. ನೀವು ನಿಂತ ಜಾಗ ತಪ್ಪಿಲ್ಲ, ಜಾಗ ಬದಲಿಸಿದವನು ಸೂರ್ಯ. ಅವನು ಪಶ್ಚಿಮದಲ್ಲಿ ಮುಳುಗುತ್ತಾನೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ, ಆದರೆ ಸರಿಯಾಗಿ ಪಶ್ಚಿಮದಲ್ಲಿ ಮುಳುಗುವುದು ವರ್ಷಕ್ಕೆ ಎರಡೇ ಸಲ, ಮಾರ್ಚ್ 20 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ. ನಿಮ್ಮೂರು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿಂದ ನೋಡಿದರೆ ಡಿಸೆಂಬರ್ ಕೊನೆಯ ಸೂರ್ಯ ಪಶ್ಚಿಮದಿಂದ 24 ಡಿಗ್ರಿ ಎಡಕ್ಕೆ, ಜೂನ್ ಕೊನೆಯ ಸೂರ್ಯ ಅಷ್ಟೇ ಬಲಕ್ಕೆ ಇಳಿಯುತ್ತಾನೆ. ಕೈ ನೀಳವಾಗಿ ಚಾಚಿ ಮುಷ್ಟಿ ಕಟ್ಟಿದರೆ ಅದರ ಅಗಲ ಹತ್ತಿರ ಹತ್ತಿರ 10 ಡಿಗ್ರಿ. ಈ ತುದಿಯಿಂದ ಆ ತುದಿಗೆ ಐದು ಮುಷ್ಟಿ ಎನ್ನಿ. ನಡಿಗೆಯ ವೇಗವೂ ಒಂದೇ ಸಮ ಇರುವುದಿಲ್ಲ. ಮಾರ್ಚ್, ಸೆಪ್ಟೆಂಬರಿನಲ್ಲಿ ದಿನಕ್ಕೆ ಹೆಚ್ಚುಕಡಿಮೆ ತನ್ನ ಮೈಯಗಲದ ಮುಕ್ಕಾಲು ಪಾಲಿನಷ್ಟು ಸರಿಯುತ್ತಾನೆ. ತುದಿಗೆ ಬಂದಾಗ ವಾರಗಟ್ಟಲೆ ಅಲ್ಲೇ ಕೂತುಬಿಡುತ್ತಾನೆ.

ಇದರಲ್ಲೊಂದು ತಮಾಷೆ ಇದೆ. ಉತ್ತರಾಯಣ ಸಂಕ್ರಾಂತಿಗೆ ಶುರು ಎಂದು ನಾವೆಲ್ಲ ಎಳ್ಳು ಬೀರುತ್ತೇವೆ. ಆಕಾಶದಲ್ಲಿ ಸೂರ್ಯ ತಿರುಗುವುದು ಡಿಸೆಂಬರ್ 21-22ಕ್ಕೆ. ಆ ಸಂಜೆ ಒಂದು, ಸಂಕ್ರಾಂತಿಯ ಸಂಜೆ ಒಂದು ಫೋಟೋ ತೆಗೆದು ಪಕ್ಕಪಕ್ಕ ಇಡಿ. ಸಂಕ್ರಾಂತಿಯ ಸೂರ್ಯ ಆಗಲೇ ಎರಡು ಡಿಗ್ರಿಗೂ ಮಿಕ್ಕಿ, ಅಂದರೆ ನಾಲ್ಕು ಸೂರ್ಯಗಳನ್ನು ಪಕ್ಕಪಕ್ಕ ಜೋಡಿಸಿಟ್ಟಷ್ಟು, ಬಲಕ್ಕೆ ಬಂದಿರುತ್ತಾನೆ.

ಇನ್ನು ಸಾಸಿವೆ ಕಾಳು. ಸೂರ್ಯ ದಿಗಂತದಲ್ಲಿ ದೊಡ್ಡದಾಗಿ ಕಾಣುವುದು ನಮ್ಮ ಮಿದುಳಿನ ಲೆಕ್ಕಾಚಾರದಿಂದ. ಗುಡ್ಡ, ಮರಗಳ ಪಕ್ಕ ಇಟ್ಟು ನೋಡುವುದರಿಂದ ಹಾಗನ್ನಿಸುತ್ತದೆ. ನೆತ್ತಿಯ ಮೇಲಿದ್ದರೂ ಗುಡ್ಡದ ಮೇಲಿದ್ದರೂ ಅವನ ಅಗಲ ಅರ್ಧ ಡಿಗ್ರಿಯೇ. ಕ್ಯಾಮೆರಾ ಮೋಸ ಹೋಗುವುದಿಲ್ಲ. ಹಳೇ ಫೋಟೋಗ್ರಾಫರುಗಳ ಲೆಕ್ಕವೊಂದಿದೆ: ಲೆನ್ಸಿನ ಮಿಲಿಮೀಟರನ್ನು 109ರಿಂದ ಭಾಗಿಸಿದರೆ ಫಿಲ್ಮಿನ ಮೇಲೆ ಬೀಳುವ ಸೂರ್ಯನ ಗಾತ್ರ ಸಿಗುತ್ತದೆ. ಮೊಬೈಲಿನ ಮುಖ್ಯ ಕ್ಯಾಮೆರಾದಲ್ಲಿ ಅದು ಚಿತ್ರದ ಅಗಲದ ನೂರೈವತ್ತರಲ್ಲಿ ಒಂದು ಪಾಲು. ನಿಮ್ಮ 18-55 ಲೆನ್ಸನ್ನು 55ಕ್ಕೆ ಎಳೆದರೆ ನಲವತ್ತೈದರಲ್ಲಿ ಒಂದು ಪಾಲು, ಅದೇ ಕ್ಯಾಮೆರಾಕ್ಕೆ 200 ಮಿಲಿಮೀಟರಿನ ಲೆನ್ಸ್ ಹಾಕಿದರೆ ಹನ್ನೆರಡರಲ್ಲಿ ಒಂದು ಪಾಲಿನಷ್ಟು ಬಂದೀತು. ಕೆಂಪು ಚೆಂಡಿನಂಥ ಸೂರ್ಯ, ಅದರ ಮುಂದೆ ತೆಪ್ಪ ಎಂಬ ಚಿತ್ರಗಳೆಲ್ಲ ಹಾಗೆ ತೆಗೆದವು.

ಆದರೆ ಆ ಲೆನ್ಸಿನೊಳಗೆ ನಿಮ್ಮ ಹಿನ್ನೀರು ಹಿಡಿಸುವುದಿಲ್ಲ. ಗುಡ್ಡದ ಒಂದು ತುಣುಕು ಬಂದೀತು, ಅಷ್ಟೆ. ಮೊಬೈಲಿನ ಮುಖ್ಯ ಕ್ಯಾಮೆರಾವನ್ನು ಅಡ್ಡ ಹಿಡಿದರೆ ಸುಮಾರು 69 ಡಿಗ್ರಿ ಕಾಣುತ್ತದೆ, ಡಿಎಸ್‌ಎಲ್‌ಆರ್ 18ರಲ್ಲಿ 65. ಸೂರ್ಯನ ಇಡೀ ವರ್ಷದ ಓಡಾಟ 48. ಚೌಕಟ್ಟಿನ ನಡುವನ್ನು ಸರಿಯಾಗಿ ಪಶ್ಚಿಮಕ್ಕೆ ಇಟ್ಟುಬಿಟ್ಟರೆ ಆ ವರ್ಷದ ಯಾವ ಸಂಜೆಯ ಸೂರ್ಯನೂ ಹೊರಗೆ ಉಳಿಯುವುದಿಲ್ಲ. ಚಿತ್ರಗಳನ್ನು ಸಾಲಾಗಿ ಜೋಡಿಸಿದಾಗ ಅವನು ಎಡಗುಡ್ಡದಿಂದ ಬಲಗುಡ್ಡಕ್ಕೆ ನಡೆದು ಹೋಗಿ, ತಿರುಗಿ ಬರುವುದು ಕಾಣುತ್ತದೆ. ನೀವು ದೂರುತ್ತಿರುವ ಸಾಸಿವೆ ಕಾಳೇ ಇಲ್ಲಿ ಗಡಿಯಾರದ ಮುಳ್ಳು. ಹಾಗಾಗಿ ದೊಡ್ಡ ಲೆನ್ಸ್ ಸದ್ಯ ಬೇಡ.

ಧೂಳಿದ್ದರೇ ಬಣ್ಣ ಎಂಬ ಮಾತು ಅರ್ಧ ಸತ್ಯವೂ ಅಲ್ಲ. ದಿಗಂತಕ್ಕೆ ಇಳಿದ ಸೂರ್ಯನ ಬೆಳಕು, ನೆತ್ತಿಯಿಂದ ಬರುವಾಗಿಗಿಂತ ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ದಾಟಿ ನಮ್ಮನ್ನು ಮುಟ್ಟುತ್ತದೆ. ದಾರಿಯಲ್ಲಿ ಗಾಳಿಯ ಅಣುಗಳೇ ನೀಲಿಯನ್ನು ಚದುರಿಸಿಬಿಡುತ್ತವೆ. ಉಳಿಯುವುದು ಕಿತ್ತಳೆ, ಕೆಂಪು. ಇದಕ್ಕೆ ಧೂಳು ಬೇಡವೇ ಬೇಡ. ನೆಲಮಟ್ಟದ ಧೂಳು, ಹೊಗೆ ಎಲ್ಲ ಬಣ್ಣಗಳನ್ನೂ ಒಂದೇ ಸಮ ಚದುರಿಸಿ ಆಕಾಶವನ್ನು ಕಲಗಚ್ಚಿನ ಬಣ್ಣಕ್ಕೆ ತರುತ್ತವೆ. ದರಕಿಗೆ, ಅಂದರೆ ಒಣಗಿ ಉದುರಿದ ಎಲೆಗಳಿಗೆ, ಬೆಂಕಿ ಬೀಳುವ ಫೆಬ್ರುವರಿ, ಮಾರ್ಚಿನಲ್ಲಿ ನೋಡಿ: ಸೂರ್ಯ ಕೆಂಪಗೆ ಉಂಡೆಯಾಗಿ ಕಾಣುತ್ತಾನೆ, ನಿಜ, ಆದರೆ ಗುಡ್ಡ ಮುಟ್ಟುವ ಮೊದಲೇ ಕರಗಿ ಹೋಗುತ್ತಾನೆ, ಸುತ್ತ ಆಕಾಶಕ್ಕೆ ಜೀವವೇ ಇರುವುದಿಲ್ಲ. ಜ್ವಾಲಾಮುಖಿಯೊಂದು ಬೇರೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದಾಗ ಗಂಧಕದ ಕಣಗಳು ವಾಯುಮಂಡಲದ ಮೇಲಿನ ಪದರಕ್ಕೇ ಏರಿ, ದೂರದೂರದ ದೇಶಗಳ ಸಂಜೆಗಳಿಗೂ ಬಣ್ಣ ಕೊಟ್ಟವು. ಅದು ಊರಿನ ಹೊಗೆಯಲ್ಲ.

ನಿಮ್ಮ ಆಕಾಶಕ್ಕೆ ಬೇಕಿರುವುದು ಮೋಡ, ಅದೂ ಎತ್ತರದ ಮೋಡ. ಹತ್ತಿ ಹಿಂಜಿದಂತಿರುವ ಮೋಡಗಳು ಹತ್ತು ಕಿಲೋಮೀಟರ್ ಮೇಲಿರುತ್ತವೆ. ನಮಗೆ ಸೂರ್ಯ ಮುಳುಗಿದ ಮೇಲೂ ಹತ್ತು ಹದಿನೈದು ನಿಮಿಷ ಅವಕ್ಕೆ ಬಿಸಿಲು ಬೀಳುತ್ತಲೇ ಇರುತ್ತದೆ, ಕೆಳಗಿನಿಂದ. ಬಣ್ಣ ಉಕ್ಕುವುದು ಆಗ. ನಮ್ಮ ಜನ ಸೂರ್ಯ ಮರೆಯಾದ ಕೂಡಲೆ ಮೊಬೈಲ್ ಜೇಬಿಗಿಟ್ಟು ಚಹಾಕ್ಕೆ ಹೋಗುತ್ತಾರೆ! ಇನ್ನೊಂದು ವಿಷಯ. ಪಶ್ಚಿಮ ದೇಶಗಳ ಪುಸ್ತಕ ಓದಿದವರು ಸೂರ್ಯಾಸ್ತಕ್ಕೆ ಮುಂಚೆ ಒಂದು ಗಂಟೆ ಹೊಂಬೆಳಕು ಇರುತ್ತದೆ ಎಂದು ಹೇಳಿಕೊಡುತ್ತಾರೆ. ಅಲ್ಲಿ ಸೂರ್ಯ ಓರೆಯಾಗಿ ಇಳಿಯುತ್ತಾನೆ. ನಮ್ಮಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಇಳಿಯುವುದರಿಂದ ಆ ಬೆಳಕು ಅರ್ಧ ಗಂಟೆಗಿಂತ ಹೆಚ್ಚಿಲ್ಲ. ಬಿಂಬ ಗುಡ್ಡ ಮುಟ್ಟಿದ ಮೇಲೆ ಪೂರ್ತಿ ಮರೆಯಾಗಲು ಎರಡೂಕಾಲು ನಿಮಿಷ ಸಾಕು.

ಬಣ್ಣ ಪೇಲವವಾಗುವುದಕ್ಕೆ ಕಾರಣ ಮೊಬೈಲಿನ ಅತಿ ಬುದ್ಧಿವಂತಿಕೆ. ಆಟೋ ವೈಟ್ ಬ್ಯಾಲೆನ್ಸ್ ಎಂಬುದೊಂದಿದೆ. ಬಲ್ಬಿನ ಬೆಳಕಿನಲ್ಲಿ ಬಿಳಿ ಅಂಗಿ ಹಳದಿಯಾಗಿ ಬಾರದಿರಲಿ ಎಂದು ಮಾಡಿದ ಏರ್ಪಾಡು ಅದು. ಸಂಜೆಯ ಕಿತ್ತಳೆಯನ್ನೂ ಅದು ದೋಷವೆಂದು ತಿಳಿದು ತಿದ್ದಿಬಿಡುತ್ತದೆ. ಪ್ರೊ ಮೋಡಿಗೆ ಹೋಗಿ ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ, ಇಲ್ಲವೇ 5500ಕ್ಕೆ ಇಟ್ಟು ವರ್ಷವಿಡೀ ಮುಟ್ಟಬೇಡಿ. ಆಮೇಲೆ ಸೂರ್ಯನ ಪಕ್ಕದ ಆಕಾಶವನ್ನು ತೆರೆಯ ಮೇಲೆ ಬೆರಳಿನಿಂದ ಒತ್ತಿ ಹಿಡಿಯಿರಿ, ಲಾಕ್ ಆಗುತ್ತದೆ. ಪಕ್ಕದಲ್ಲಿ ಬರುವ ಬೆಳಕಿನ ಗುರುತನ್ನು ತುಸು ಕೆಳಗೆ ಜಾರಿಸಿ. ಚಿತ್ರ ಸ್ವಲ್ಪ ಕಪ್ಪಾಯಿತು ಅನ್ನಿಸುವಲ್ಲಿ ಆಕಾಶದ ಬಣ್ಣ ಉಳಿದಿರುತ್ತದೆ. ಡಿಎಸ್‌ಎಲ್‌ಆರ್ ಆದರೆ ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಾನೇ ತಿದ್ದದೆ ಉಳಿಸುವ ಫೈಲಿನಲ್ಲಿ, ತೆಗೆಯಿರಿ, ಆಮೇಲೆ ತಿದ್ದಲು ಜಾಗ ಇರುತ್ತದೆ.

ಮನೆ ಮಸಿ, ಆಕಾಶ ಬಿಳಿ ಎಂಬ ತೊಂದರೆಗೆ ಫಿಲ್ಟರ್ ಮಾರುವವರು ಅರ್ಧ ಕಪ್ಪು ಅರ್ಧ ಬಿಳಿಯ ಗಾಜು ತೋರಿಸುತ್ತಾರೆ. ಬಯಲಿನಲ್ಲಿ ಅದು ಕೆಲಸಕ್ಕೆ ಬರುತ್ತದೆ. ಮನೆಯ ಮಾಡು, ತೆಂಗಿನ ಮರ ಆಕಾಶಕ್ಕೆ ಚಾಚಿರುವಲ್ಲಿ ಅವುಗಳ ಮೇಲರ್ಧವನ್ನೂ ಕಪ್ಪು ಮಾಡುತ್ತದೆ. ಪೋಲರೈಸರ್ ಎಂಬ ಇನ್ನೊಂದು ಫಿಲ್ಟರ್ ಅಂತೂ ಸೂರ್ಯನಿಗೆ ಎದುರು ನಿಂತಾಗ ಆಕಾಶಕ್ಕೆ ಏನನ್ನೂ ಮಾಡದು, ತಪ್ಪು ತಿರುಗಿಸಿದರೆ ನೀರಿನಲ್ಲಿರುವ ಪ್ರತಿಬಿಂಬವನ್ನೂ ನುಂಗುತ್ತದೆ. ಮದುವೆ ಮನೆಗಳಲ್ಲಿ ಮೂವತ್ತು ವರ್ಷ ಫೋಟೋ ತೆಗೆದು ನಾನು ಕಲಿತ ಉಪಾಯ ಬಿಡಿಗಾಸಿನದು: ಜಗಲಿಯ ದೀಪ ಹಾಕಿ, ಕಾಯಿರಿ. ಸೂರ್ಯ ಮುಳುಗಿ ಹತ್ತು ನಿಮಿಷಕ್ಕೆ ಆಕಾಶದ ಬೆಳಕು ಇಳಿಯುತ್ತಾ ಬಂದು ಮನೆಯ ಬಲ್ಬಿನ ಬೆಳಕಿಗೆ ಸಮವಾಗುವ ಗಳಿಗೆಯೊಂದಿದೆ. ಮೂರು ನಾಲ್ಕು ನಿಮಿಷ ಇರುತ್ತದೆ. ಆಗ ಅಂಗಳಕ್ಕಿಳಿದು, ಮನೆಯೂ ನೀರೂ ಒಟ್ಟಿಗೆ ಕಾಣುವ ಮೂಲೆಯಿಂದ ತೆಗೆದರೆ ಎರಡೂ ಬರುತ್ತವೆ. ಬಿಳಿ ಟ್ಯೂಬ್‌ಲೈಟ್ ಆರಿಸಿ, ಹಳದಿ ಬೆಳಕಿನ ಬಲ್ಬ್ ಹಾಕಿ. ಅದಕ್ಕೂ ಮುಂಚೆ, ಸೂರ್ಯ ಇನ್ನೂ ಒಂದು ಮಾರು ಮೇಲಿರುವಾಗ, ಒಮ್ಮೆ ಬೆನ್ನು ತಿರುಗಿಸಿ. ಆ ಬೆಳಕು ನೇರ ನಿಮ್ಮ ಮನೆಯ ಮುಖಕ್ಕೆ ಬೀಳುತ್ತಿರುತ್ತದೆ, ಜಗಲಿಯಲ್ಲಿ ಕೂತ ಅಜ್ಜನ ಮುಖಕ್ಕೂ. ಸೂರ್ಯಾಸ್ತ ನೋಡುವವರ ಚಿತ್ರ ತೆಗೆಯುವವರು ಕಡಿಮೆ.

ಈಗ ಮೊಳೆ. ಜಗಲಿಯ ಕಂಬಕ್ಕೆ ನಿಮ್ಮ ಎದೆಯೆತ್ತರದಲ್ಲಿ ಒಂದು ಮೊಳೆ, ಅದರ ಮೇಲೆ ಮೊಬೈಲ್ ಒರಗಿಸಲು ಸಣ್ಣ ಹಲಗೆ. ಮೊಬೈಲಿನ ದಿಕ್ಸೂಚಿ ನೋಡಿ ಪಶ್ಚಿಮಕ್ಕೆ ಹಲಗೆ ಹೊಂದಿಸಿ. ಹಲಗೆಯನ್ನೂ ನಂಬಬೇಡಿ, ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಹತ್ತಿರದ್ದೊಂದು ದೂರದ್ದೊಂದು ಗುರುತು ಇಟ್ಟುಕೊಳ್ಳಿ: ಅಂಗಳದ ತುಳಸಿಕಟ್ಟೆಯ ಅಂಚು ಆಚೆ ದಡದ ಇಂಥ ಗುಡ್ಡದ ತಗ್ಗಿಗೆ ಕೂಡುವಂತೆ. ಒಂದು ಹೆಜ್ಜೆ ತಪ್ಪಿದರೂ ಈ ಎರಡು ಬೇರೆಯಾಗುತ್ತವೆ. ಮೊದಲ ಚಿತ್ರದ ಪ್ರಿಂಟನ್ನು ಕಂಬಕ್ಕೇ ಅಂಟಿಸಿ. ಯಾರು ತೆಗೆದರೂ ಅದಕ್ಕೆ ಹೋಲಿಸಿ ತೆಗೆಯುತ್ತಾರೆ. ಗಡಿಯಾರ ನೋಡಿ ತೆಗೆಯಬೇಡಿ. ನಿಮ್ಮೂರಿನಲ್ಲಿ ನವೆಂಬರ್ ಕೊನೆಗೆ ಆರು ಗಂಟೆಗೆ ಮುಳುಗುವ ಸೂರ್ಯ ಜುಲೈ ಮೊದಲ ವಾರ ಏಳರವರೆಗೂ ಇರುತ್ತಾನೆ. ಬಿಂಬ ಗುಡ್ಡ ಮುಟ್ಟಿದಾಗ ಒಂದು, ಹನ್ನೆರಡು ನಿಮಿಷದ ಮೇಲೆ ಇನ್ನೊಂದು, ಇಷ್ಟೇ.

ಎಷ್ಟು ದಿನಕ್ಕೊಮ್ಮೆ? ತಿಂಗಳಿಗೊಮ್ಮೆ ಎಂದರೆ ಮಲೆನಾಡಿನ ಮಟ್ಟಿಗೆ ಬಹಳ ವಿರಳ, ವಾರಕ್ಕೊಮ್ಮೆ ಎಂದರೆ ಮೂರನೇ ವಾರಕ್ಕೆ ಮರೆತುಹೋಗುತ್ತದೆ. ನಮ್ಮ ಕಡೆಯವರ ಬಾಯಲ್ಲಿ ಇದಕ್ಕೆ ಸಿದ್ಧ ಲೆಕ್ಕವೊಂದಿದೆ, ಮಳೆ ನಕ್ಷತ್ರಗಳದ್ದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ವರ್ಷಕ್ಕೆ 27. ಲೆಕ್ಕ ಸೂರ್ಯನದೇ ಆದ್ದರಿಂದ ಪ್ರತಿ ವರ್ಷವೂ ಅದೇ ನಕ್ಷತ್ರದಲ್ಲಿ ಅವನು ಗುಡ್ಡದ ಅದೇ ಜಾಗದಲ್ಲಿ ಮುಳುಗುತ್ತಾನೆ. ಆರಿದ್ರೆ ಹುಟ್ಟುವ ಹೊತ್ತಿಗೆ ಬಲಗಡೆಯ ತುತ್ತತುದಿ. ಎದುರಿಗೆ ಸರಿಯಾಗಿ ಮುಳುಗುವುದು ಮಾರ್ಚಿನ ಉತ್ತರಾಭಾದ್ರೆಯಲ್ಲಿ, ಸೆಪ್ಟೆಂಬರಿನ ಉತ್ತರೆಯಲ್ಲಿ. ಎಡದ ತುದಿ ಡಿಸೆಂಬರಿನ ಮೂಲಾ. ಪ್ರತಿ ನಕ್ಷತ್ರ ಹುಟ್ಟಿದ ಸಂಜೆ ಒಂದು ಜೊತೆ ಚಿತ್ರ. ಬೆಂಗಳೂರಿನಿಂದ ನೀವು 27 ಸಲ ಹೋಗಲಾರಿರಿ, ಮನೆಯಲ್ಲಿರುವವರಿಗೆ ಒಪ್ಪಿಸಬೇಕು. ದಿನ ನೆನಪಿಸುವ ಕೆಲಸ ಅಜ್ಜನದು. ಮನೆಯ ಬುನಾದಿಗೂ ಪಂಚಾಂಗ, ಗೋಡೆಗೆ ನೇತು ಹಾಕಿದ ಹೊತ್ತಗೆಗೂ ಪಂಚಾಂಗ ಎನ್ನುವ ಭಾಷೆಯವರು ನಾವು. ಎರಡೂ ಅವರಿಗೆ ಬಾಯಿಪಾಠ ಇರುತ್ತದೆ.

ಹೀಗೆ ತೆಗೆದರೆ ಏನು ಕಾಣುತ್ತದೆ? ಸ್ವಾತಿ, ವಿಶಾಖೆಯಲ್ಲಿ ಮಳೆ ತೊಳೆದಿಟ್ಟ ಗಾಳಿ, ದೂರದಲ್ಲಿ ಗುಡುಗಿನ ಮೋಡದ ತಲೆ, ನೀರು ದಡದ ಗಿಡಗಳ ಬುಡದವರೆಗೆ. ನನ್ನ ಕಣ್ಣಿಗೆ ವರ್ಷದ ಅತಿ ಒಳ್ಳೆಯ ಸಂಜೆಗಳು ಅವು. ಡಿಸೆಂಬರ್, ಜನವರಿ ಸಂಜೆಗೆ ಮೋಡವಿಲ್ಲ, ಬೋಳು ಆಕಾಶ. ಆಗ ಬೆಳಿಗ್ಗೆ ಏಳಿ, ನೀರಿನ ಮೇಲೆ ಮಂಜು ಹೊಗೆಯಾಡುತ್ತಿರುತ್ತದೆ. ಅಲ್ಲಿಂದ ನೀರು ಇಳಿಯುತ್ತಾ ಕೆಂಪು ಮಣ್ಣಿನ ಮೆಟ್ಟಿಲು ಮೆಟ್ಟಿಲು ದಡ, ಅರುವತ್ತು ವರ್ಷದ ಕೆಳಗೆ ಮುಳುಗಿದ ಮರಗಳ ಬೊಡ್ಡೆ. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ದಿನದ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ, ಪ್ರತಿ ಚಿತ್ರದ ಹಿಂದೆ ಅದನ್ನು ಬರೆದಿಡಿ. 1964ರಲ್ಲಿ ಮುಳುಗಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದಿದೆ ಎಂದು ಸುದ್ದಿಯಾದ ಬೇಸಿಗೆಯಲ್ಲಿ ನಿಮ್ಮ ಹಳೇ ಮನೆಯ ಕಲ್ಲುಗಳೂ ಕಾಣುವ ಸಂಭವ ಹೆಚ್ಚು. ಅಶ್ವಿನಿ, ಭರಣಿಯಲ್ಲಿ ಸಿಡಿಲಿನ ಮೋಡ. ಆಮೇಲೆ ಮೃಗಶಿರದಿಂದ ಮಘೆಯವರೆಗೆ ಬಹುಪಾಲು ಬೂದು, ಬೂದು, ಬೂದು. ಸೂರ್ಯ ಕಾಣದಿದ್ದರೂ ತೆಗೆಯಿರಿ. ಆ ಐದಾರು ಚಿತ್ರಗಳಲ್ಲಿ ದಡ ಮೇಲೇರುವುದು ಕಾಣುತ್ತದೆ. ಅವಿಲ್ಲದೆ ಉಳಿದ ಚಿತ್ರಗಳಿಗೆ ಅರ್ಥವಿಲ್ಲ. 2025ರ ಜುಲೈ 14ಕ್ಕೆ ಸಿಗಂದೂರಿನ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ ಉದ್ಘಾಟನೆಯಾಯಿತು. ಅದಕ್ಕೆ ಮುಂಚಿನ ನಿಮ್ಮ ಯಾವುದಾದರೂ ಪೇಲವ ಫೋಟೋದ ಮೂಲೆಯಲ್ಲಿ ಆಗ ಜನರನ್ನು ಹಿನ್ನೀರು ದಾಟಿಸುತ್ತಿದ್ದ ಲಾಂಚ್ ಇದ್ದರೆ, ಬಣ್ಣ ಬರಲಿಲ್ಲವೆಂದು ಅಳಿಸಿಬಿಟ್ಟೀರಿ, ಜೋಕೆ.

ಅಪಾಯಗಳನ್ನೂ ಹೇಳಬೇಕು. ಡಿಎಸ್‌ಎಲ್‌ಆರ್‌ನ ಕಿಂಡಿಗೆ ಕಣ್ಣಿಟ್ಟು ಸೂರ್ಯನನ್ನು ನೋಡಲೇಬೇಡಿ. ಜೂಮ್ ಮಾಡಿದಷ್ಟೂ ಅದು ಭೂತಗನ್ನಡಿ. ಹಿಂದಿನ ತೆರೆಯಲ್ಲಿ ನೋಡಿ, ಅದೂ ಸೂರ್ಯ ಮಂಕಾಗಿ ಕೆಂಪೇರಿದ ಮೇಲೆ. ಕ್ಯಾಮೆರಾವನ್ನು ಮಾಡಿನ ಮೇಲೆ ಕಟ್ಟಿ ಇಡೀ ದಿನ ತಾನೇ ತೆಗೆಯುವಂತೆ ಬಿಡುವ ಯೋಚನೆ ಬಂದರೆ ಸೆನ್ಸರ್ ಸುಡುವುದನ್ನೂ ಮಂಗಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಿಡಿಲಿನ ದಿನ ನೀರಿನಂಚಿನಲ್ಲಿ ಟ್ರೈಪಾಡ್ ಹಿಡಿದು ನಿಲ್ಲುವುದು ಬೇಡ. ಎಲ್ಲಕ್ಕಿಂತ ಹೆಚ್ಚಾಗಿ, ಬೇಸಿಗೆಯಲ್ಲಿ ಹಳೇ ಮನೆಯ ಕಲ್ಲು ಹತ್ತಿರದಿಂದ ತೆಗೆಯುತ್ತೇನೆಂದು ಒಬ್ಬರೇ ಇಳಿಯಬೇಡಿ. ಮೇಲೆ ಒಣಗಿ ಬಿರುಕುಬಿಟ್ಟ ಮಣ್ಣು, ಕೆಳಗೆ ಹೂಳು. ನಾನು ಹೊನ್ನೆಮರಡಿನ ಕಡೆ ಹೀಗೆ ತೊಡೆಮಟ್ಟ ಇಳಿದು, ಟ್ರೈಪಾಡನ್ನು ಅಲ್ಲೇ ಬಿಟ್ಟು ತೆವಳಿಕೊಂಡು ಬಂದವನು. ದನ ನಡೆದ ಜಾಡಿನಲ್ಲೇ ನಡೆಯಿರಿ.

ಲೆನ್ಸಿನೊಳಗಿನ ಜೇಡರ ಬಲೆ ಫಂಗಸ್, ಬೂಷ್ಟು. ಅಕ್ಕಿ ಡಬ್ಬ ಅದನ್ನು ತಡೆಯುವುದಿಲ್ಲ. ನಮ್ಮ ಮಳೆಗಾಲದಲ್ಲಿ ಅಕ್ಕಿಗೇ ತೇವ ಹಿಡಿದಿರುತ್ತದೆ, ಮೇಲಿಂದ ಅದರ ಹಿಟ್ಟು ಕ್ಯಾಮೆರಾದ ಸಂದಿಗೆ ಸೇರುತ್ತದೆ. ಬಿಸಿಲಿಗಿಟ್ಟರೆ ಹೋಗುತ್ತದೆ ಎನ್ನುವವರಿದ್ದಾರೆ. ಬೆಳೆಯುವುದು ನಿಂತೀತು, ಆದರೆ ಬಲೆ ಹೋಗುವುದಿಲ್ಲ. ಮುಚ್ಚಳವಿಲ್ಲದ ಲೆನ್ಸನ್ನು ಕಿಟಕಿಯಲ್ಲಿಟ್ಟು ಪರದೆಗೆ ಬೆಂಕಿ ಹತ್ತಿಸಿಕೊಳ್ಳಲೂಬಹುದು. ಎಳೆಯದಾಗಿದ್ದರೆ ರಿಪೇರಿಯವರು ಬಿಚ್ಚಿ ಒರೆಸಿ ಕೊಡುತ್ತಾರೆ. ಹಳೆಯದಾಗಿ ಗಾಜಿನ ಲೇಪವನ್ನು ತಿಂದಿದ್ದರೆ ಗುರುತು ಉಳಿಯುತ್ತದೆ, ಸೂರ್ಯನಿಗೆ ಎದುರು ಹಿಡಿದಾಗ ಚಿತ್ರವೆಲ್ಲ ಮಬ್ಬು. ಬಿಚ್ಚಿಸುವ ಮುನ್ನ ಖರ್ಚು ಕೇಳಿ. 18-55 ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುವ ಲೆನ್ಸ್. ನಾವು ಹಿಂದೆ ಬೀರುವಿನಲ್ಲಿ ಒಂದು 40 ವ್ಯಾಟಿನ ಬಲ್ಬ್ ಸದಾ ಉರಿಸಿ ಕ್ಯಾಮೆರಾ ಕಾಪಾಡುತ್ತಿದ್ದೆವು. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಸಾಕು. ಮುಳ್ಳು 40ರಿಂದ 50ರೊಳಗೆ ನಿಲ್ಲಬೇಕು. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು, ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ಚರ್ಮದ ಚೀಲ, ಮರದ ಕಪಾಟು ಇವೆರಡೂ ಬೂಷ್ಟಿನ ತವರು. ಮಳೆಗಾಲ ಪೂರ್ತಿ ಮೊಬೈಲಿನಲ್ಲೇ ತೆಗೆದು, ಡಿಎಸ್‌ಎಲ್‌ಆರನ್ನು ಸ್ವಾತಿಗೆ ಹೊರಗೆ ತೆಗೆದರೂ ನಡೆಯುತ್ತದೆ. ಆದರೆ ಗೋಡೆಯ ಸಾಲಿನಲ್ಲಿ ಎರಡನ್ನೂ ಬೆರೆಸಬೇಡಿ, ಚೌಕಟ್ಟು ಹೊಂದುವುದಿಲ್ಲ. ಸಾಲಿಗೆ ಮೊಬೈಲ್, ಬಿಡಿ ಚಿತ್ರಗಳಿಗೆ ಡಿಎಸ್‌ಎಲ್‌ಆರ್.

ಮನೆಯವರು ತೆಗೆದದ್ದನ್ನು ವಾಟ್ಸ್ಆ್ಯಪಿನಲ್ಲಿ ಫೋಟೋ ಎಂದು ಕಳಿಸಿದರೆ ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿಕೊಡಿ. ಗೋಡೆಗೆ ದೊಡ್ಡದೊಂದು ಹಾಕುವುದಕ್ಕಿಂತ 27 ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟುಗಳು, ಸಾಲಿಗೆ ಒಂಬತ್ತರಂತೆ ಮೂರು ಸಾಲು, ಮಂಚದಿಂದ ಕಾಣುವ ಎತ್ತರಕ್ಕೆ. ವರ್ಷ ಮುಗಿಯುವವರೆಗೆ ಕಾಯಬೇಡಿ, ಬಂದದ್ದನ್ನು ಬಂದ ಹಾಗೆ ಅಂಟಿಸುತ್ತಾ ಹೋಗಿ, ಖಾಲಿ ಜಾಗ ಖಾಲಿಯೇ ಇರಲಿ. ಮುಂದಿನ ನಕ್ಷತ್ರ ಯಾವತ್ತು ಹುಟ್ಟುತ್ತದೆಂದು ಈ ಸಲ ಫೋನ್ ಮಾಡಿದಾಗ ಅಜ್ಜನನ್ನೇ ಕೇಳಿ, ಅಷ್ಟರೊಳಗೆ ತಮ್ಮನಿಗೆ ಹೇಳಿ ಕಂಬಕ್ಕೆ ಮೊಳೆ ಹೊಡೆಸಿ.